ಆರು ಸ್ಕ್ರೂಗಳ ಫಿಲ್ಟರು

ಹೊಸದಾಗಿ ಮೇಲಧಿಕಾರಿಯಾದ ಮನುಷ್ಯನಿಗೆ ಏನನ್ನಾದರೂ ಸರಿಪಡಿಸದೆ ಉಂಡ ಅನ್ನ ಅರಗುವುದಿಲ್ಲ. ಕೆಟ್ಟದ್ದು ಕಣ್ಣಿಗೆ ಬೀಳದಿದ್ದರೆ ನೆಟ್ಟಗಿರುವುದಕ್ಕೇ ಕೈ ಹಾಕುತ್ತಾನೆ. ಬೇರೆಯವರನ್ನು ನೋಡಿ ಹೇಳುತ್ತಿರುವ ಮಾತಲ್ಲ ಇದು. ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ ಸುಮತಿಯ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಸಾಲಾಗಿ ಜೋಡಿಸಿಕೊಟ್ಟಿದ್ದೆ. ನೋಡಲು ಬಹಳ ಚೆಂದವಿತ್ತು. ಎಣ್ಣೆ ಕಾದು ಹೊಗೆಯಾಡುವಾಗ ಅವಳು ಸಾಸಿವೆ ಹುಡುಕುತ್ತಿದ್ದಳು. ಒಂದು ವಾರ ಸೀದ ಒಗ್ಗರಣೆ ಉಂಡ ಮೇಲೆ, ಅವಳು ಡಬ್ಬಿಗಳನ್ನು ಮೊದಲಿನ ಜಾಗಕ್ಕೆ ಇಟ್ಟುಕೊಂಡಳು. ಅಷ್ಟಕ್ಕೇ ಬುದ್ಧಿ ಬಂದಿದ್ದರೆ ಶರಣಪ್ಪನವರ ವಿಷಯದಲ್ಲಿ ನಾನು ಮಾಡಿದ್ದನ್ನು ಮಾಡುತ್ತಿರಲಿಲ್ಲ.

ಈಗ ಛತ್ರಪತಿ ಸಂಭಾಜಿನಗರ ಎನ್ನುವ ಊರು ಆಗ ಔರಂಗಾಬಾದ್. ಎಪ್ಪತ್ತರ ದಶಕದ ಮೊದಲ ವರ್ಷಗಳು. ಗದಗಿನವನಾದ ನಾನು ಕೆಲಸಕ್ಕೆಂದು ಬಂದಿಳಿದ ದಿನವೇ ಬಸ್ ಸ್ಟ್ಯಾಂಡಿನಲ್ಲಿ ಒಂದು ಬಸ್ಸಿನ ಹಣೆಯ ಮೇಲೆ ದೇವನಾಗರಿಯಲ್ಲಿ ‘ಕನ್ನಡ’ ಎಂದು ಬರೆದಿದ್ದನ್ನು ಕಂಡು ಬೆರಗಾದೆ. ಪರನಾಡಿನಲ್ಲಿ ಕನ್ನಡಿಗರಿಗೆಂದೇ ಬಸ್ಸು ಬಿಟ್ಟಿದ್ದಾರಲ್ಲ ಎಂದು ಎದೆಯುಬ್ಬಿಸಿ, ಕಂಡಕ್ಟರನನ್ನು ಶುದ್ಧ ಕನ್ನಡದಲ್ಲಿ ಚಿಕಲಠಾಣಾಕ್ಕೆ ಹೋಗುತ್ತದೆಯೇ ಎಂದು ಕೇಳಿದೆ. ಆತ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಹಿಂದಿನಿಂದ ಯಾರೋ, “ಅದು ಕನ್ನಡ ಅಂಬೋ ಊರಿಗಿ ಹೋಗ್ತದರಿ ಸಾಹೇಬ್ರ. ಅಲ್ಲಿ ಕನ್ನಡ ಬಿಟ್ಟು ಬಾಕಿ ಎಲ್ಲಾ ಮಾತಾಡ್ತಾರ” ಎಂದರು. ತಿರುಗಿ ನೋಡಿದರೆ ನಲವತ್ತು ದಾಟಿದ, ಹಣೆಗೆ ವಿಭೂತಿ ಹಚ್ಚಿಕೊಂಡ ಸಣಕಲು ಮನುಷ್ಯ. ಬೀದರ ಜಿಲ್ಲೆಯವರು, ಹೆಸರು ಶರಣಪ್ಪ. ನಾನು ಸೇರಬೇಕಾಗಿದ್ದ ಕಾರ್ಖಾನೆಯಲ್ಲೇ ಅವರು ಹಳೆಯ ಮೆಕ್ಯಾನಿಕ್. ಅವರೇ ನನ್ನ ಟ್ರಂಕು ಹಿಡಿದುಕೊಂಡು ಬಂದು, ಹಲವು ಸಂಸಾರಗಳಿಗೆ ಬಾಡಿಗೆ ಕೊಟ್ಟಿದ್ದ, ತಾವಿದ್ದ ವಾಡೆಯಲ್ಲೇ ನಮಗೂ ಎರಡು ಕೋಣೆ ಕೊಡಿಸಿದರು.

ಕಾರ್ಖಾನೆ ಎಂದರೆ ಚಿಕಲಠಾಣಾದಲ್ಲಿ ಜೋಶಿ ಎಂಬವರು ನಡೆಸುತ್ತಿದ್ದ ಒಂದು ತಗಡಿನ ಶೆಡ್ಡು. ಅಲ್ಲಿ ತಯಾರಾಗುತ್ತಿದ್ದದ್ದು ಮೈಕ್ರೋವೇವ್ ಫಿಲ್ಟರು. ಹೆಸರಿಗೆ ಹೆದರಬೇಕಾಗಿಲ್ಲ. ಒಂದು ಉದ್ದನೆಯ ಹಿತ್ತಾಳೆಯ ಪೆಟ್ಟಿಗೆ, ಅದರೊಳಗೆ ಸಾಲಾಗಿ ಆರು ಕೋಣೆ, ಕೋಣೆಯಿಂದ ಕೋಣೆಗೆ ಒಂದು ಸಣ್ಣ ಕಿಂಡಿ. ಒಂದು ತುದಿಯಿಂದ ನೂರೆಂಟು ಅಲೆಗಳು ಒಳಹೊಕ್ಕರೆ, ನಮಗೆ ಬೇಕಾದವು ಮಾತ್ರ ಇನ್ನೊಂದು ತುದಿಯಿಂದ ಹೊರಬರಬೇಕು. ಪ್ರತಿ ಕೋಣೆಯ ನೆತ್ತಿಯ ಮೇಲೆ ಒಂದು ಸ್ಕ್ರೂ. ಅದನ್ನು ಏರಿಸಿ ಇಳಿಸಿ ಶ್ರುತಿ ಮಾಡಬೇಕು. ಸರಿಯಾದರೆ ಅಳತೆಯ ಯಂತ್ರದ ಪರದೆಯ ಮೇಲಿನ ಹಸಿರು ಗೆರೆ ಔರಂಗಾಬಾದಿನ ಸುತ್ತಲಿನ ಗುಡ್ಡಗಳ ಹಾಗೆ ತಲೆ ಸಪಾಟಾಗಿ ನಿಲ್ಲುತ್ತಿತ್ತು. ಆ ಶ್ರುತಿಯ ಕೆಲಸ ಶರಣಪ್ಪನವರದು. ಅವರು ಮೆಟ್ರಿಕ್ ಕೂಡ ಮುಗಿಸಿದವರಲ್ಲ.

ಎರಡು ವರ್ಷಕ್ಕೆ ನಾನು ಆ ವಿಭಾಗದ ಮುಖ್ಯಸ್ಥನಾದೆ. ಮೊದಲ ವಾರವೇ ಶರಣಪ್ಪನವರ ಹಿಂದೆ ನಿಂತು ಗಮನಿಸಿದೆ. ಅವರು ಮೊದಲನೆಯ ಸ್ಕ್ರೂ ತಿರುಗಿಸುವರು, ಎರಡನೆಯದು ತಿರುಗಿಸುವರು, ಮತ್ತೆ ಮೊದಲನೆಯದಕ್ಕೆ ಬರುವರು. ಮೂರನೆಯದಕ್ಕೆ ಹೋಗಿ ಬಂದು ಮತ್ತೆ ಎರಡನ್ನೂ ಮುಟ್ಟುವರು. ನಡುವೆ ಕೈ ಕಟ್ಟಿಕೊಂಡು ಗೆರೆಯನ್ನೇ ನೋಡುತ್ತ ಕೂರುವರು. ಒಂದು ಪೆಟ್ಟಿಗೆಗೆ ಒಂದೂವರೆ ತಾಸು. ಆರು ಸ್ಕ್ರೂ, ಆರು ಸಲ ತಿರುಗಿಸಿದರೆ ಮುಗಿಯುವ ಕೆಲಸ ಎಂದು ನಾನು ಲೆಕ್ಕ ಹಾಕಿದೆ. ಕೇಳಿದ್ದಕ್ಕೆ ಅವರು, “ಅವು ಒಂದಕ್ಕೊಂದು ಹತ್ಕೊಂಡಾವರಿ. ಒಂದ್ ಮುಟ್ಟಿದ್ರ ಬಾಜೂದವೂ ಅಲಗಾಡ್ತಾವ” ಎಂದರು. ಓದಿದವನಿಗೆ ಓದದವರು ಹೇಳುವ ಮಾತು ಕಿವಿಯ ಹೊರಗೇ ನಿಲ್ಲುತ್ತದೆ. ಇದೇ ಮಾತು ನನ್ನ ಪುಸ್ತಕದಲ್ಲಿ ದೊಡ್ಡ ದೊಡ್ಡ ಸಮೀಕರಣವಾಗಿ ಇತ್ತು. ಅದನ್ನು ಬಾಯಿಪಾಠ ಮಾಡಿ ನಾನು ಪರೀಕ್ಷೆ ಪಾಸಾಗಿದ್ದೆ. ಆದರೆ ಪುಸ್ತಕದ ಸಮೀಕರಣವೂ ಬೀದರದ ಕನ್ನಡವೂ ಒಂದೇ ವಿಷಯ ಹೇಳುತ್ತಿರಬಹುದೆಂಬ ಅನುಮಾನ ನನಗೆ ಬರಲಿಲ್ಲ.

ನಾಲ್ಕು ಸಾಲಿನ ಟಿಪ್ಪಣಿ ಬರೆದು ಮಾಲೀಕರಿಗೆ ಕೊಟ್ಟೆ. ಈ ಮನುಷ್ಯ ಮಾಡಿದ್ದನ್ನೇ ಮತ್ತೆ ಮಾಡುತ್ತ ಕಾಲ ಕಳೆಯುತ್ತಾನೆ, ಈ ಕೆಲಸ ನಾನೇ ಕ್ರಮಬದ್ಧವಾಗಿ ಮಾಡಿಸುತ್ತೇನೆ ಎಂದು ಇಂಗ್ಲಿಷಿನಲ್ಲಿ. ಜೋಶಿಯವರು ಒಳ್ಳೆಯವರು, ಕೆಲಸದಿಂದ ತೆಗೆಯಲಿಲ್ಲ. ನಾಸಿಕದಲ್ಲಿ ನಮ್ಮ ಮಾಲು ಇಳಿಸಿಕೊಂಡು ಗಿರಾಕಿಗಳಿಗೆ ತಲುಪಿಸುವ ಒಂದು ಗೋದಾಮಿತ್ತು, ಅಲ್ಲಿಗೆ ಕಳಿಸಿದರು. ಹದಿನೈದು ವರ್ಷ ಬೆರಳ ತುದಿಯಲ್ಲಿ ಕೂದಲೆಳೆಯಷ್ಟು ಅಂತರ ಹಿಡಿಯುತ್ತಿದ್ದವರು ಮಾಲು ತುಂಬುವ ಮರದ ಖೋಕಾಗಳಿಗೆ ಮೊಳೆ ಹೊಡೆಯಲು ಹೋದರು. ಹೊರಡುವ ದಿನ ನಮ್ಮ ಮನೆಗೆ ಬಂದು ಚಹಾ ಕುಡಿದು, “ಬರ್ತೀನ್ರಿ ಸಾಹೇಬ್ರ” ಎಂದರು.

ನಾನು ತಿರುಗಿಸಿದ್ದು ಕಾರ್ಖಾನೆಯ ಒಂದೇ ಸ್ಕ್ರೂ ಎಂದುಕೊಂಡಿದ್ದೆ. ಶರಣಪ್ಪನವರ ಹೆಂಡತಿ ಮಹಾದೇವಿ ವಾಡೆಯಲ್ಲಿ ಸುಮತಿಗೆ ಇದ್ದ ಏಕೈಕ ಗೆಳತಿ. ನಮ್ಮ ನಾಲ್ಕು ವರ್ಷದ ಶೈಲಾ ಅವರನ್ನು ದೊಡ್ಡಮ್ಮ ಎನ್ನುತ್ತಿದ್ದಳು. ನಮ್ಮ ಜೊತೆ ಮರಾಠಿಯಲ್ಲಿ ಉತ್ತರ ಕೊಡುವ ಹುಡುಗಿ ಅವರೊಬ್ಬರ ಜೊತೆ ಮಾತ್ರ ಕನ್ನಡ ಆಡುತ್ತಿದ್ದಳು. ಆ ಮನೆಗೆ ಬೀಗ ಬಿದ್ದ ಮೇಲೆ ಮಗು ದಿನವೂ ಅದರ ಹೊಸ್ತಿಲ ಮೇಲೆ ಹೋಗಿ ಕೂರತೊಡಗಿತು. ವರ್ಗಕ್ಕೆ ಯಾರು ಕಾರಣವೆಂದು ಸುಮತಿಗೆ ಗೊತ್ತಿತ್ತು. ನಾನೇ ಹೆಮ್ಮೆಯಿಂದ ಹೇಳಿಕೊಂಡಿದ್ದೆ. ಅವಳು ಜಗಳ ಮಾಡಲಿಲ್ಲ. “ಶೈಲಾ, ನಿಮ್ಮಪ್ಪಗ ಊಟಕ್ಕ ಬಾ ಅನ್ನು” ಎನ್ನುವಳು. ಮಗು ಮರಾಠಿಯಲ್ಲಿ ನನ್ನನ್ನು ಊಟಕ್ಕೆ ಕರೆಯುವುದು. ಗದಗಿನ ಗಂಡನೂ ಹೆಂಡತಿಯೂ ಒಂದೇ ಕೋಣೆಯಲ್ಲಿ ಕುಳಿತು ದುಭಾಷಿಯ ಮೂಲಕ ಸಂಸಾರ ಮಾಡಿದೆವು.

ಇತ್ತ ಶೆಡ್ಡಿನಲ್ಲಿ ನಾನು ಫಿಲ್ಟರಿನ ಮುಂದೆ ಕುಳಿತೆ. ಮೊದಲನೆಯ ಸ್ಕ್ರೂ ತಿರುಗಿಸಿದೆ, ಗೆರೆ ಏರಿತು. ಎಲ್ಲಿ ಅತಿ ಎತ್ತರವೋ ಅಲ್ಲಿ ನಿಲ್ಲಿಸಿದೆ. ಹಾಗೆಯೇ ಎರಡನೆಯದು, ಮೂರನೆಯದು, ಆರೂ ಮುಗಿದವು. ಇಪ್ಪತ್ತೇ ನಿಮಿಷ. ಪರದೆಯ ಮೇಲೆ ಸಪಾಟು ಗುಡ್ಡವಿರಬೇಕಾದಲ್ಲಿ ದಬ್ಬಣದಂಥ ಒಂದು ಮೊನೆ ನಿಂತಿತ್ತು. ಅದನ್ನು ಅಗಲಿಸಲು ನಾಲ್ಕನೆಯದನ್ನು ಕದಲಿಸಿದರೆ ಮೂರನೆಯದೂ ಐದನೆಯದೂ ಕೆಟ್ಟವು. ಅವೆರಡನ್ನು ತಿದ್ದಿದರೆ ನಾಲ್ಕನೆಯದು ಮತ್ತೆ ಕೆಟ್ಟಿತು. ಹೇಗೋ ಒಂದು ಸಲ ಸರಿಹೋದಂತೆ ಕಂಡು, ಉಸಿರು ಬಿಗಿಹಿಡಿದು, ಸ್ಕ್ರೂ ಕದಲದಂತೆ ಹಿಡಿಯುವ ನಟ್ಟು ಬಿಗಿ ಮಾಡಿದೆ. ಬಿಗಿ ಮಾಡಿದ ಭರಕ್ಕೇ ಗೆರೆ ಜಾರಿತು. ಆರು ವಾರದಲ್ಲಿ ಒಂದು ಫಿಲ್ಟರೂ ಪಾಸಾಗಲಿಲ್ಲ. ಈ ತಿಂಗಳು ಮಾಲು ಹೋಗದಿದ್ದರೆ ಶೆಡ್ಡು ಮುಚ್ಚಬೇಕಾದೀತೆಂದು ಜೋಶಿಯವರು ಮೆತ್ತಗೆ ಹೇಳಿದರು. ಅಲ್ಲಿ ಹದಿನೆಂಟು ಜನ ಕೆಲಸ ಮಾಡುತ್ತಿದ್ದರು.

ಆ ಭಾನುವಾರ ನಾಸಿಕದ ಬಸ್ಸು ಹಿಡಿದೆ. ಶರಣಪ್ಪನವರಿಗೆ ಹೇಳಬೇಕಾದ ಮಾತನ್ನು ದಾರಿಯಲ್ಲಿನ ಯೇವಲಾ ಊರು ದಾಟುವವರೆಗೂ ಜೋಡಿಸುತ್ತಲೇ ಇದ್ದೆ. ತಪ್ಪು ನನ್ನದು ಎಂದು ಬರದಂತೆ, ಆದರೆ ಅವರಿಗೆ ಹಾಗೆ ಕೇಳಿಸುವಂತೆ ಒಂದು ವಾಕ್ಯ ಬೇಕಾಗಿತ್ತು. ಅಂಥ ವಾಕ್ಯ ಕನ್ನಡದಲ್ಲಿ ಇಲ್ಲ. ಪಂಚವಟಿಯ ಒಂದು ಓಣಿಯಲ್ಲಿ ಅವರ ಕೋಣೆ ಸಿಕ್ಕಿತು. ಮಹಾದೇವಿಯವರು ನೀರು ಕೊಟ್ಟು, ಮೊದಲು ಕೇಳಿದ್ದು, “ಶೈಲಾ ಉಣ್ತಾಳ್ರಿ ಬರೋಬರಿ?” ಎಂದು. ಜೋಡಿಸಿಕೊಂಡದ್ದೆಲ್ಲ ಮರೆತು, “ಶರಣಪ್ಪನವರ, ನಿಮ್ಮನ್ನ ಇಲ್ಲಿಗೆ ಕಳಿಸಿದ್ದು ನಾನು. ನಾನೇ ಬರೆದು ಕೊಟ್ಟಿದ್ದೆ” ಎಂದುಬಿಟ್ಟೆ.

“ಗೊತ್ತದರಿ” ಎಂದರು ಅವರು. “ಮಾಲೀಕರು ಆ ಕಾಗದ ನನ್ನ ಕೈಯಾಗೇ ಕೊಟ್ಟು ಫೈಲಿನ್ಯಾಗ ಹಚ್ಚು ಅಂದ್ರು. ಅಷ್ಟು ಇಂಗ್ಲಿಷ್ ಓದಾಕ ಬರ್ತದರಿ ನನಗ.”

ಮಹಾದೇವಿಯವರು ಗಂಡನ ಕಡೆ ನೋಡಿದರು. ಅವರಿಗೆ ಅದು ತಿಳಿದದ್ದು ಆ ಕ್ಷಣದಲ್ಲೇ. ಓದಿದ್ದನ್ನು ಈ ಮನುಷ್ಯ ಹೆಂಡತಿಗೂ ಹೇಳಿರಲಿಲ್ಲ. ಹೊರಡುವ ದಿನ ನನ್ನ ಮನೆಯ ಚಹಾ ಕುಡಿದು ಬಂದಿದ್ದರು. ಈಗ ಅವರೇ, “ಮೂರನೇದು ಎಷ್ಟು ಏರಿಸಿದ್ರಿ?” ಎಂದು ಕೇಳಿದರು. ಮುಂದಿನ ಎರಡು ತಾಸು ನಾವು ಬೇರೆ ಏನೂ ಮಾತಾಡಲಿಲ್ಲ.

ಮರುದಿನ ಜೋಶಿಯವರ ಮುಂದೆ ನಿಂತು, ಶರಣಪ್ಪನವರನ್ನು ವಾಪಸು ಕರೆಸಿ ಎಂದೆ. “ಲಿಹೂನ್ ದ್ಯಾ” ಎಂದರು, ಅದನ್ನೂ ಬರೆದು ಕೊಡಿ ಎಂದು. ಬರೆದೆ. ಜೋಶಿಯವರು ಓದಿ, ನನ್ನ ಸಹಿಯನ್ನು ಎರಡು ಸಲ ನೋಡಿ, ಕಾಗದವನ್ನು ಫೈಲಿಗೆ ಹಚ್ಚಲು ನನ್ನ ಕೈಗೇ ಕೊಟ್ಟರು.

ಆದರೆ ಶರಣಪ್ಪನವರು ವಾಪಸು ಬರಲು ಒಪ್ಪಲಿಲ್ಲ. ಮಗಳು ಗಂಗಾ ನಾಸಿಕದ ಶಾಲೆ ಸೇರಿದ್ದಳು, ಮಹಾದೇವಿಯವರ ತಂಗಿ ಅದೇ ಓಣಿಯಲ್ಲಿ ಸಿಕ್ಕಿದ್ದಳು, ಶರಣಪ್ಪನವರ ತಾಯಿಯನ್ನೂ ಊರಿಂದ ಕರೆಸಿಕೊಂಡಾಗಿತ್ತು. “ಭಾಳ ಕಷ್ಟದಿಂದ ಎಲ್ಲಾ ಒಂದ್ ಹದಕ್ಕ ಬಂದದರಿ. ಮತ್ತ ಮುಟ್ಟಬ್ಯಾಡ್ರಿ” ಎಂದರು. ಹದಿನೈದು ದಿನದ ಮಟ್ಟಿಗೆ ಬಂದು, ನಿಂತುಹೋಗಿದ್ದ ಮಾಲನ್ನೆಲ್ಲ ಮುಗಿಸಿ, ನನಗೂ ಕೆಲಸ ಕಲಿಸುವುದೆಂದು ಒಪ್ಪಿಕೊಂಡರು. ಅಷ್ಟು ದಿನವೂ ನಮ್ಮ ಮನೆಯಲ್ಲೇ ಉಳಿದರು. ಸುಮತಿ ಅವರಿಗೆ ಬಡಿಸುವ ನೆಪದಲ್ಲಿ ನನಗೂ, “ಇನ್ನೊಂದು ರೊಟ್ಟಿ ಹಾಕ್ಲೇನ್ರಿ?” ಎಂದು ನೇರವಾಗಿ ಕೇಳಿದಳು. ಎರಡು ತಿಂಗಳಲ್ಲಿ ಅದು ಮೊದಲ ಮಾತು. ನನಗೆ ಹೊಟ್ಟೆ ತುಂಬಿತ್ತು, ಆದರೂ ಹಾಕಿಸಿಕೊಂಡೆ.

ಕೊನೆಯ ದಿನ ಅವರನ್ನು ನಾಸಿಕದ ಬಸ್ಸಿಗೆ ಹತ್ತಿಸಲು ಹೋದೆ. ಆ ಹೊತ್ತಿಗೆ ನಾನು ಒಬ್ಬನೇ ಕುಳಿತು ಒಂದು ಫಿಲ್ಟರನ್ನು ಪಾಸು ಮಾಡಿಸಿದ್ದೆ. ಕಿಟಕಿಯ ಹತ್ತಿರ ನಿಂತು, ನನ್ನ ಕೆಲಸ ಹೇಗೆ ಅನಿಸಿತು, ಸಂಕೋಚವಿಲ್ಲದೆ ಹೇಳಿ ಎಂದೆ. ಹೊಗಳಿಕೆಗಾಗಿ ಕೇಳಿದ ಪ್ರಶ್ನೆ ಎಂಬುದು ಅವರಿಗೂ ತಿಳಿದಿರಬೇಕು.

“ಕೈ ಛಲೋ ಅದರಿ ಸಾಹೇಬ್ರ” ಎಂದರು. “ಆದ್ರ ಟೈಮ್ ಭಾಳ ತಗೋತೀರಿ.”

ಬಸ್ಸು ಹೊರಟಿತು. ಅವರು ಒಂದೂವರೆ ತಾಸಿನಲ್ಲಿ ಮುಗಿಸುತ್ತಿದ್ದ ಪೆಟ್ಟಿಗೆಗೆ ನಾನು ಹಿಂದಿನ ದಿನ ಬೆಳಿಗ್ಗೆ ಕುಳಿತವನು, ಎದ್ದದ್ದು ಅಂದು ಮಧ್ಯಾಹ್ನ ಊಟದ ಗಂಟೆ ಹೊಡೆದಾಗ.