ಕೋಚ್ ಆರ್ವಿಲ್‌ನ ಬಾಯಿಬೀಗ

ನಮ್ಮೂರ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ಕೋಚ್ ಆರ್ವಿಲ್‌ಗೆ ನಾಲಿಗೆಯೇ ಶತ್ರು. ಆ ಶನಿವಾರ ನಮ್ಮ ಹುಡುಗ ಚೆಂಡನ್ನು ಎದೆಗವಚಿಕೊಂಡು ಗೆಲುವಿನ ಗೆರೆ ದಾಟಿದ್ದ. ಅವನ ಕಾಲು ಅಂಚಿನ ಗೆರೆ ತುಳಿಯಿತೆಂದು ರೆಫರಿ ಪ್ರುಯಿಟ್ ಸೀಟಿ ಊದಿದ. ಸೋತೆವು. ರೆಫರಿಯನ್ನು ಟೀಕಿಸುವ ಯಾವ ಕೋಚೂ ಮುಂದಿನ ಆಟಕ್ಕೆ ಮೈದಾನದೊಳಗೆ ಕಾಲಿಡುವಂತಿಲ್ಲ, ಅದು ಲೀಗಿನ ಕಾಯಿದೆ. ಮುಂದಿನ ಶನಿವಾರವೋ ನಿವೃತ್ತಿಗೆ ಮುಂಚಿನ ಅವನ ಕೊನೆಯ ಹೋಮ್‌ಕಮಿಂಗ್, ಹಳೆ ವಿದ್ಯಾರ್ಥಿಗಳು ಮರಳಿ ಬರುವ ಹಬ್ಬದ ಆಟ. ಅವನ ಕೈಕೆಳಗೆ ಆಡಿದ ಹಳಬರೆಲ್ಲ, ಬೊಜ್ಜು ಬಂದವರು, ತಲೆ ಬೋಳಾದವರು, ಊರಿಗೆ ಮರಳಿ ಅವನ ಜೊತೆ ಮೈದಾನಕ್ಕೆ ನಡೆಯುವವರಿದ್ದರು.

ಸೋಮವಾರ ಬೆಳಿಗ್ಗೆ ಹೆಂಡತಿ ವರ್ನಾ ಅವನ ಜೇಬಿಗೆ ಅಂಟು ಟಾಫಿ ತುರುಕಿದಳು.

"ಸಿಟ್ಟು ಬಂದ್ರೆ ಒಂದು ಬಾಯಿಗೆ ಹಾಕ್ಕೋ. ಆ ನಡಿಗೆ ನಾನೂ ಕಣ್ತುಂಬ ನೋಡ್ಬೇಕು, ಆರ್ವಿಲ್."

ಕ್ಷೌರದಂಗಡಿಯ ಡ್ವೈಟ್ ಕುತ್ತಿಗೆಗೆ ಕತ್ತಿಯಿಟ್ಟೇ ಕೇಳಿದ, "ಪ್ರುಯಿಟ್ ಕುರುಡ ಅಲ್ವಾ ಕೋಚ್? ಹೂಂ ಅನ್ನಿ, ಸಾಕು."

ಒಂದು ಟಾಫಿ.

ಪೋಸ್ಟಾಫೀಸಿನ ಆಗ್ನೆಸ್, "ಅವನಿಗೆ ಕನ್ನಡಕ ಪಾರ್ಸೆಲ್ ಮಾಡ್ಲಾ?" ಅಂದಳು. ಇನ್ನೊಂದು.

ಮಧ್ಯಾಹ್ನ ಮೇವಿಸ್‌ಳ ಹೋಟೆಲಿನಲ್ಲಿ ರೇಡಿಯೊ ಕಾರ್ಯಕ್ರಮ. ಆಗ ನಮ್ಮಂಥ ಸಣ್ಣ ಕಾಲೇಜಿನ ಆಟ ಟಿ.ವಿ.ಯಲ್ಲಿ ಬರುತ್ತಿರಲಿಲ್ಲ. ಸೋಮವಾರ ಮಧ್ಯಾಹ್ನ ಕೋಚ್ ಮಾತು ಕೇಳಲು ಹೊಲದಲ್ಲಿ ಟ್ರಾಕ್ಟರುಗಳು ನಿಲ್ಲುತ್ತಿದ್ದವು. ಆ ಹೋಟೆಲು ಈಗಿಲ್ಲ. ಅಲ್ಲಿನ ಕಾಫಿ, ಸೇಬಿನ ಪೈ ವಾಸನೆ ಇಂದಿಗೂ ನೆನಪಿದೆ.

"ಪ್ರುಯಿಟ್ ಕೊಟ್ಟ ತೀರ್ಪು ಸರಿನಾ ಕೋಚ್?" ರೇಡಿಯೊದ ಡ್ಯೂಯಿ ಮೈಕು ಚಾಚಿದ.

ಆರ್ವಿಲ್ ಮೂರನೆಯದನ್ನೂ ಬಾಯಿಗೆ ಹಾಕಿದ್ದ. 'ಪ್ರುಯಿಟ್ ಒಳ್ಳೆ ಮನುಷ್ಯ' ಎನ್ನಬೇಕೆಂದು ಬಾಯಿ ತೆರೆಯಹೋದರೆ, ಕಟ್ಟಿಸಿಕೊಂಡ ಮೇಲಿನ ಹಲ್ಲುಸೆಟ್ಟು ಕೆಳಗಿನದಕ್ಕೆ ಅಂಟಿಕೊಂಡಿತ್ತು. ಕಣ್ಣಲ್ಲಿ ನೀರು ಬಂತು. ಮಾತು ಬರಲಿಲ್ಲ. ಊರಿಡೀ ಆ ಮೌನ ಪ್ರಸಾರವಾಯಿತು.

"ಅಳ್ತಾ ಇದ್ದಾರೆ," ಡ್ಯೂಯಿ ಮೈಕಿಗೆ ಪಿಸುಗುಟ್ಟಿದ.

ಸಂಜೆಯೊಳಗೆ ಡ್ವೈಟ್ ಅಂಗಡಿಯ ಗಾಜಿಗೆ 'ಕೋಚ್ ಜೊತೆ ನಾವೂ ಮೌನ' ಎಂದು ಬರೆದ. ಆಗ್ನೆಸ್ ಬರೀ ಕೈಸನ್ನೆಯಲ್ಲಿ ಸ್ಟಾಂಪು ಮಾರಿದಳು. ಚರ್ಚಿನ ಹಾಡಿನವರು ಬಾಯಿ ಮುಚ್ಚಿಯೇ ಅಭ್ಯಾಸ ಮಾಡಿದರು. ಲೀಗಿನ ಆಫೀಸಿನಿಂದ ಫೋನು ಬಂತು.

"ಇಷ್ಟು ಕಟುವಾದ ಟೀಕೆ ನಮ್ಮ ಲೀಗಲ್ಲಿ ಯಾರೂ ಮಾಡಿರ್ಲಿಲ್ಲ. ಶನಿವಾರ ಮೈದಾನಕ್ಕೆ ಬರ್ಬೇಡಿ."

"ನಾನೇನೂ ಹೇಳ್ಲೇ ಇಲ್ಲ."

"ಊರೆಲ್ಲ ಕೇಳಿಸ್ಕೊಂಡಿದೆ."

ಶನಿವಾರ ಆರ್ವಿಲ್ ಮೈದಾನದಾಚೆಯ ಹಾರ್ಡ್‌ವೇರ್ ಅಂಗಡಿಯ ತಾರಸಿ ಹತ್ತಿದ. ಅಲ್ಲಿ ಆಗಲೇ ಪ್ರುಯಿಟ್ ಕೂತಿದ್ದ.

"ನನ್ನನ್ನೂ ಹೊರಗಿಟ್ರು," ಅಂದ ಪ್ರುಯಿಟ್. "ನೀವು ಬೈದಿದ್ರೆ ಯಾರೂ ಲೆಕ್ಕಕ್ಕೆ ತಗೊಳ್ತಿರ್ಲಿಲ್ಲ. ಸುಮ್ನಿದ್ರಲ್ಲ, ಆಫೀಸಿನೋರಿಗೆ ಅನುಮಾನ ಬಂದು ಆಟದ ಫಿಲ್ಮ್ ಹಾಕ್ಕೊಂಡು ನೋಡಿದ್ರು. ತಪ್ಪು ನಂದೇ, ಕೋಚ್."

ಕೆಳಗೆ ಹಳಬರು ನಡೆದರು. ಸಾಲಿನ ನಡುವೆ ಒಬ್ಬ ನಡೆಯುವಷ್ಟು ಜಾಗ ಬಿಟ್ಟಿದ್ದರು. ಆರ್ವಿಲ್ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದ.

ಕೊನೇ ಗಳಿಗೆಯಲ್ಲಿ ನಮ್ಮ ಹುಡುಗ ಮತ್ತೆ ಗೆರೆ ದಾಟಿದ. ಈ ಸಲ ಕಾಲು ಅಂಚನ್ನು ನಿಜವಾಗಿಯೂ ತುಳಿದಿತ್ತು. ತಾರಸಿಯಿಂದ ಅದು ಕಂಡಿತು, ಹೊಸ ರೆಫರಿಗೆ ಕಾಣಲಿಲ್ಲ. ಗೆದ್ದೆವು. ಏಣಿಯ ತುದಿಯಲ್ಲಿ ಡ್ಯೂಯಿಯ ತಲೆ ಕಾಣಿಸಿತು, ಹಿಂದೆಯೇ ಮೈಕು.

"ಸರಿಯಾದ ತೀರ್ಪು ಅಲ್ವಾ ಕೋಚ್?"

ಆರ್ವಿಲ್ ಜೇಬಿಗೆ ಕೈ ಹಾಕಿದ. ಟಾಫಿ ಮುಗಿದಿತ್ತು.

"ತಪ್ಪು ತೀರ್ಪು," ಅಂದ.

ಲೀಗು ಅವನನ್ನು ಇನ್ನೊಂದು ಆಟ ಹೊರಗಿಟ್ಟಿತು. ಊರು ಮತ್ತೆ ಮೌನ ಹಿಡಿಯಿತು, ಈ ಸಲ ಅವನ ವಿರುದ್ಧವೇ. ಆ ಚಳಿಗಾಲವೆಲ್ಲ ಅವನ ಜೊತೆ ಮಾತಾಡಿದವರು ಇಬ್ಬರೇ, ವರ್ನಾ ಮತ್ತು ಪ್ರುಯಿಟ್.