ದೊಡ್ಡಪ್ಪನ ಸ್ಕ್ರೂಡ್ರೈವರ್ ಪರೀಕ್ಷೆ

ನಮ್ಮ ದೊಡ್ಡಪ್ಪ ಮನುಷ್ಯರ ಮಾತನ್ನು ನಂಬುವವರೇ ಅಲ್ಲ! ಮೋಟರಿನ ಮಾತಾದರೆ ಮಾತ್ರ ತಲೆದೂಗಿ ಕೇಳುತ್ತಾರೆ. ಪಾಂಡವಪುರದಲ್ಲಿ, ಮನೆಯ ಮುಂದೆಯೇ, ಪಂಪ್‌ಸೆಟ್ ರಿಪೇರಿ ಅಂಗಡಿ ಅವರದು. ಓಡುವ ಮೋಟರಿಗೆ ಸ್ಕ್ರೂಡ್ರೈವರಿನ ತುದಿ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿದರೆಂದರೆ ಮುಗಿಯಿತು, ಅದರ ಹೊಟ್ಟೆಯ ಸಂಕಟವೆಲ್ಲ ಹೊರಗೆ!

ಅಂಗಡಿಯಲ್ಲೇ ಇದ್ದಿದ್ದರೆ ಚೆನ್ನಾಗಿತ್ತು. ಆದರೆ ಸ್ಕ್ರೂಡ್ರೈವರ್ ಸದಾ ಜೇಬಿನಲ್ಲಿ! ಒಮ್ಮೆ ಕೆ.ಆರ್. ಪೇಟೆಯಲ್ಲಿ ಬಸ್ಸು ಹತ್ತಿದವರೇ ಎಂಜಿನ್ನಿನ ಮುಚ್ಚಳದ ಮೇಲೆ ಅದನ್ನು ಊರಿ ಕೇಳಿ, "ನಿನ್ ಗಾಡಿ ಕಿಕ್ಕೇರಿ ಮುಟ್ಟಾಕಿಲ್ಲ ಕಣ್ಲಾ" ಎಂದು ಡ್ರೈವರನಿಗೆ ಭವಿಷ್ಯ ನುಡಿದರು. ಕಿಕ್ಕೇರಿಗೆ ಎರಡು ಮೈಲಿ ಇರುವಾಗ ಬಸ್ಸು ನಿಂತೇಬಿಟ್ಟಿತು. ಜನ ಬೈದದ್ದು ಯಾರನ್ನು ಅಂತೀರಿ? ಡ್ರೈವರನನ್ನಲ್ಲ, ದೊಡ್ಡಪ್ಪನನ್ನು! "ಥೂ, ಏನ್ ಬಾಯಯ್ಯಾ ನಿಂದು!"

ಇಂಥವರು ಒಂದು ಫೆಲೋಶಿಪ್ಪಿಗೆ ಗಂಟುಬಿದ್ದರೆ? ಅವರ ಒಬ್ಬನೇ ಮಗ, ನಮ್ಮಣ್ಣ, ಎಂ.ಟೆಕ್. ಓದುತ್ತಿದ್ದವನು, ತೊಂಬತ್ತರ ದಶಕದ ಮೊದಲಲ್ಲಿ ಜ್ವರ ಬಂದು ತೀರಿಕೊಂಡ. ಅವನ ಮೇಷ್ಟ್ರುಗಳೂ ಗೆಳೆಯರೂ ಸೇರಿ ಅವನ ಕಾಲೇಜಿನ ಎಂಜಿನಿಯರಿಂಗ್ ವಿಭಾಗದಲ್ಲಿ, ವರ್ಷಕ್ಕೊಬ್ಬ ಅತ್ಯುತ್ತಮ ವಿದ್ಯಾರ್ಥಿಗೆಂದು, ಅವನ ಹೆಸರಿನ ಫೆಲೋಶಿಪ್ ಇಟ್ಟರು. ಪ್ರಮಾಣಪತ್ರವನ್ನು ದೊಡ್ಡಪ್ಪನೇ ಕೊಡಬೇಕೆಂದು ಎಲ್ಲರಿಗೂ ಆಸೆ. ದೊಡ್ಡಮ್ಮನಿಗಂತೂ ಅದೇ ಧ್ಯಾನ. ಸಮಾರಂಭದ ಬೆಳಿಗ್ಗೆ ವಿಭಾಗದ ಮುಖ್ಯಸ್ಥರು ಆಯ್ಕೆಯಾದ ಹುಡುಗನ ಜೊತೆ ಮನೆಗೇ ಕರೆಯಲು ಬಂದರು.

ದೊಡ್ಡಪ್ಪ ಅಂಗಡಿಯ ಮೂಲೆಯಲ್ಲಿದ್ದ ಮೋಟರೊಂದನ್ನು ಚಾಲೂ ಮಾಡಿ, ಹುಡುಗನ ಕೈಗೆ ಸ್ಕ್ರೂಡ್ರೈವರ್ ಕೊಟ್ಟರು. "ಮಾರ್ಕ್ಸ್ ಕಾರ್ಡು ಆಮ್ಯಾಕೆ ನೋಡವ. ಮೊದ್ಲು ಇದು ಏನಂತದೆ ಏಳಪ್ಪಾ."

ಹುಡುಗ ಬೆವೆತು, "ಬೇರಿಂಗ್ ಸವೆದಿದೆ ಸಾರ್" ಎಂದ.

"ಕಾಫಿ ಕುಡ್ಕಂಡು ಓಗು."

ಮರುವರ್ಷದವನು ಅದೇ ಮೋಟರಿನ ಶಾಫ್ಟ್ ಸೊಟ್ಟಗಾಗಿದೆ ಎಂದ. ಅದರ ಮರುವರ್ಷದ ಚಿನ್ನದ ಪದಕದವನು ಮೋಟರನ್ನು ಗುಜರಿಗೆ ಹಾಕಿ ಎಂದ. ಅವನಿಗೆ ಕಾಫಿಯೂ ಇಲ್ಲ! ಫೆಲೋಶಿಪ್ ಮೂವರಿಗೂ ಸಿಕ್ಕಿತು. ದೊಡ್ಡಪ್ಪ ಮಾತ್ರ ಒಂದು ಸಲವೂ ವೇದಿಕೆ ಹತ್ತಲಿಲ್ಲ. ದೊಡ್ಡಮ್ಮ ಮೂರು ವರ್ಷವೂ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ನಾಲ್ಕನೆಯ ವರ್ಷ ಬಂದವಳು ನಾಗಮಂಗಲದ ಕಡೆಯ ಹುಡುಗಿ. ಕಣ್ಣು ಮುಚ್ಚಿ ಕೇಳಿದಳು. ಜಾಗ ಬದಲಿಸಿ ಮತ್ತೆ ಕೇಳಿದಳು. ಮುಖ್ಯಸ್ಥರು ಏನಾದರೂ ಹೇಳಮ್ಮಾ ಎಂಬಂತೆ ಕೆಮ್ಮಿದರು.

"ಏನೂ ಕೆಟ್ಟಿಲ್ಲ ತಾತ. ಚೆಂದಾಗೇ ಓಡ್ತಾ ಐತಲ್ಲ?"

ದೊಡ್ಡಪ್ಪ ಒಳಗೆ ತಿರುಗಿ ಕೂಗಿದರು: "ಲೇ, ನನ್ ಇಸ್ತ್ರಿ ಅಂಗಿ ತತ್ತಾ!"

ಎಲ್ಲರೂ ಬಸ್ಸಿನಲ್ಲೇ ಹೊರಟೆವು. ಶ್ರೀರಂಗಪಟ್ಟಣ ದಾಟುವಾಗ ಪಕ್ಕದಲ್ಲಿದ್ದ ಅವರನ್ನು ರೇಗಿಸಿದೆ: "ಚೆನ್ನಾಗಿರೋ ಮೋಟ್ರು ಇಟ್ಕಂಡು ಮೂರ್ ವರ್ಷ ಉಡುಗ್ರನ್ನ ಗೋಳು ಉಯ್ಕಂಡ್ರಲ್ಲ ದೊಡ್ಡಪ್ಪಾ!"

ಅವರು ಕಿಟಕಿಯಾಚೆ ನೋಡುತ್ತಲೇ ಹೇಳಿದರು: "ನಿಮ್ಮಣ್ಣ ಕೊನೇ ಸಲ ರಜಕ್ಕೆ ಬಂದಾಗ ಬಿಚ್ಚಿ ಜೋಡ್ಸಿದ್ದು ಕಣ್ಲಾ ಅದು. ಅವನ್ ಕೆಲ್ಸದಲ್ಲಿ ಇಲ್ದಿರೋ ತೆಪ್ಪು ಉಡುಕ್ದೋರ್ಗೆ ಅವನ್ ಎಸ್ರಿನ ಕಾಗ್ದ ನಾನೆಂಗ್ಲಾ ಕೊಡ್ಲಿ?"

ಬಸ್ಸಿನ ಎಂಜಿನ್ ದಾರಿಯುದ್ದಕ್ಕೂ ಗೊರಗೊರ ಅನ್ನುತ್ತಲೇ ಇತ್ತು. ದೊಡ್ಡಪ್ಪ ಅಂದು ಜೇಬಿಗೆ ಕೈ ಹಾಕಲಿಲ್ಲ.