ಬಿರುಗಾಳಿ ಬೈರಪ್ಪನ ಸಹಿ, ವಾದಿರಾಜರ ಮೊಹರು

ತಮ್ಮ ಕಣ್ಣಿಗೆ ಮಣ್ಣೆರಚುವ ಸಹಿ ಈ ಭೂಮಂಡಲದಲ್ಲಿ ಇನ್ನೂ ಹುಟ್ಟಿಲ್ಲ, ಹುಟ್ಟುವ ಸೂಚನೆಯೂ ಇಲ್ಲ ಎಂಬುದು ಶಂಕರಪುರಂ ವಾದಿರಾಜರ ಅಚಲ ನಂಬಿಕೆ. ನಂಬಿಕೆ ಎಂದರೆ ಮನಸ್ಸಿನಲ್ಲಿಟ್ಟುಕೊಂಡು ಸುಮ್ಮನಿರುವಂಥದ್ದಲ್ಲ. ದಿನಾ ಬೆಳಿಗ್ಗೆ ಕೃಷ್ಣರಾವ್ ಪಾರ್ಕಿನಲ್ಲಿ ಮೂರು ಸುತ್ತು ಹಾಕುತ್ತ, ಕೇಳಿದವರಿಗೂ ಕೇಳದವರಿಗೂ ಹೇಳುವಂಥದ್ದು.

ಮೂವತ್ತಾರು ವರ್ಷ ಚಾಮರಾಜಪೇಟೆಯ ಒಂದು ಬ್ಯಾಂಕಿನಲ್ಲಿ ಕೂತು, ಗಿರಾಕಿಗಳು ಹಾಕಿದ ಸಹಿಯನ್ನು ಅವರ ಮಾದರಿ ಸಹಿಯ ಕಾರ್ಡಿನ ಪಕ್ಕ ಇಟ್ಟು ನೋಡಿದ ಕಣ್ಣು ಅದು. ಒಮ್ಮೆ ಯಾರದೋ ಸಹಿ ನೋಡಿ, ‘ಬಾಲ ನಡುಗಿದೆ. ನಿಮಗೆ ಜ್ವರ ಬಂದಿದೆ, ಮನೆಗೆ ಹೋಗಿ ಮಲಗಿ’ ಎಂದು ವಾಪಸು ಕಳಿಸಿದ್ದರಂತೆ. ಆ ಮನುಷ್ಯನಿಗೆ ಅಂದು ಸಂಜೆ ನಿಜಕ್ಕೂ ಜ್ವರ ಬಂತಂತೆ. ಈ ಕತೆ ಹೇಳುವಾಗ ಜ್ವರದ ಡಿಗ್ರಿ ವರ್ಷಕ್ಕಿಷ್ಟು ಏರುತ್ತಿತ್ತು.

ಇಂಥ ವಾದಿರಾಜರಿಗೆ ಒಂದು ಮಧ್ಯಾಹ್ನ ರೇವಣಸಿದ್ದಯ್ಯನ ಹಳೇ ಪೇಪರ್ ಅಂಗಡಿಯಲ್ಲಿ ನಿಧಿ ಸಿಕ್ಕಿತು. ಫುಟ್‌ಬಾಲ್ ದೊಡ್ಡಬೈರಪ್ಪನ ಕಪ್ಪು ಬಿಳುಪು ಫೋಟೋ, ಕೆಳಗೆ ನೀಲಿ ಇಂಕಿನ ಸಹಿ! ಎಪ್ಪತ್ತರ ದಶಕದಲ್ಲಿ ಈ ಭಾಗದ ಹುಡುಗರಿಗೆ ದೊಡ್ಡಬೈರಪ್ಪ ಎಂದರೆ ದೇವರಿಗಿಂತ ಒಂದೇ ಒಂದು ಮೆಟ್ಟಿಲು ಕೆಳಗೆ. ‘ಬಿರುಗಾಳಿ ಬೈರ’ ಎಂದೇ ಹೆಸರು. ಒಂದು ಫೈನಲ್‌ನ ಕೊನೇ ನಿಮಿಷದಲ್ಲಿ ಗಾಳಿಯಲ್ಲಿ ಅಡ್ಡಡ್ಡ ಮಲಗಿ ಗೋಲು ಹೊಡೆದು ಊರಿಗೆ ಕಪ್ ತಂದವನು. ಫೋಟೋ ಅದೇ ಕ್ಷಣದ್ದು. ಆಮೇಲೆ ಆತನ ಖಾತೆ ವಾದಿರಾಜರ ಬ್ಯಾಂಕಿನಲ್ಲೇ ಇದ್ದುದರಿಂದ ಮಾದರಿ ಸಹಿಯನ್ನು ಅವರು ಇಪ್ಪತ್ತು ವರ್ಷ ಕಣ್ಣಲ್ಲಿ ತುಂಬಿಕೊಂಡಿದ್ದರು. ‘ಡ್ಡ’ದ ಒತ್ತಿನ ಬಾಲ ಹಿಂದಕ್ಕೆ ಸುತ್ತಿ ಒಂದು ಗಂಟು ಹಾಕಿಕೊಳ್ಳುತ್ತಿತ್ತು. ಕೊನೆಯ ‘ಪ್ಪ’ ಮೇಲಕ್ಕೆ ಒದೆಯುತ್ತಿತ್ತು. ಫೋಟೋದಲ್ಲಿ ಎರಡೂ ಇದ್ದವು. ವಾದಿರಾಜರು ಅಂಗಡಿಯಲ್ಲೇ ಕೈ ಮುಗಿದರು.

ಮನೆಗೆ ಬಂದವರೇ ಹೆಂಡತಿ ಅಂಬುಜಮ್ಮನನ್ನು ಕೂಗಿ ಕರೆದರು. ಅಂಬುಜಮ್ಮ ಸೆರಗಿಗೆ ಕೈ ಒರೆಸುತ್ತ ಬಂದು ಫೋಟೋ ನೋಡಿದರು. ಮುಖದಲ್ಲಿ ನಗು ಅರಳಿತು.

“ಅಯ್ಯೋ, ಇಂಕು ಚೆಲ್ಲಿದ್ದು ಇನ್ನೂ ಹಾಗೇ ಇದೆಯಲ್ಲರೀ!”

‘ಬೈ’ ಅಕ್ಷರದ ಪಕ್ಕದಲ್ಲಿ ಸಾಸಿವೆಯಷ್ಟು ಕಲೆ ಇದ್ದದ್ದು ನಿಜ. ಆದರೆ ನಲವತ್ತು ವರ್ಷದ ದಾಂಪತ್ಯದಲ್ಲಿ ಹೆಂಡತಿಯಿಂದ ಸಹಿಯ ಬಗ್ಗೆ ಪಾಠ ಹೇಳಿಸಿಕೊಳ್ಳುವ ಗತಿ ವಾದಿರಾಜರಿಗೆ ಬಂದಿರಲಿಲ್ಲ.

“ಚೆಲ್ಲಿದ್ದಲ್ಲ ಅದು, ಆವೇಶ. ಈ ಒತ್ತು ನೋಡು. ಇಂಥ ಒತ್ತು ಹಾಕೋಕೆ ಎದೆಗಾರಿಕೆ ಬೇಕು. ಹುಲಿಯಂಥ ಗಂಡಸಿನ ಕೈ ಕಣೇ ಇದು.”

“ಹೌದಾ?” ಎಂದರು ಅಂಬುಜಮ್ಮ. “ಹುಲಿಯಂಥ ಗಂಡಸಾ?”

ಅವರು ಇನ್ನೂ ಏನೋ ಹೇಳುವುದರಲ್ಲಿದ್ದರು. “ನಮ್ಮ ಚಾಮರಾಜಪೇಟೆ ವಠಾರದಲ್ಲಿ...” ಎಂದು ಶುರುವನ್ನೂ ಮಾಡಿದರು. ಅಂಬುಜಮ್ಮನ ತವರಿನ ವಠಾರದ ಕತೆಗಳಿಗೆ ವಾದಿರಾಜರ ಬಳಿ ಮದುವೆಯಾದ ವರ್ಷದಿಂದಲೂ ಒಂದೇ ಮದ್ದಿತ್ತು. ಪೇಪರ್ ಎತ್ತಿ ಮುಖಕ್ಕೆ ಅಡ್ಡ ಹಿಡಿಯುವುದು. ಈಗಲೂ ಹಿಡಿದರು. ಅಂಬುಜಮ್ಮ ನಾಳೆಯ ತರಕಾರಿ ಪಟ್ಟಿ ಬರೆದು ಅವರ ಜೇಬಿಗೆ ತುರುಕಿ ಒಳಗೆ ಹೋದರು.

ಆ ರಾತ್ರಿಯೇ ವಾದಿರಾಜರು ಒಂದು ಪ್ರತಿಜ್ಞೆ ಮಾಡಿದರು. ಇಂಥ ಮಹಾಪುರುಷನ ಹೆಸರಿನಲ್ಲಿ ಊರಿನಲ್ಲಿ ಒಂದೇ ಒಂದು ನಕಲಿ ಸಹಿಯೂ ಉಳಿಯಕೂಡದು! ಮಾರನೆಯ ದಿನವೇ ಗಾಂಧಿಬಜಾರಿನಲ್ಲಿ ಎರಡು ರಬ್ಬರ್ ಸ್ಟಾಂಪು ಮಾಡಿಸಿದರು. ಒಂದರಲ್ಲಿ ‘ಅಸಲಿ’, ಇನ್ನೊಂದರಲ್ಲಿ ‘ನಕಲಿ’. ಎರಡರ ಕೆಳಗೂ ‘ಪರಿಶೀಲಿಸಿದವರು: ವಾದಿರಾಜ’. ಬ್ಯಾಂಕಿನವರ ಕೈಗೆ ನಿವೃತ್ತಿಯಾದ ಮೇಲೆ ಸ್ಟಾಂಪು ಕೊಡಬಾರದು. ಕೋತಿಯ ಕೈಗೆ ಮಾಣಿಕ್ಯ ಕೊಟ್ಟರೂ ಅದು ಕಚ್ಚಿ ನೋಡಿ ಬಿಸಾಡುತ್ತದೆ, ಇವರು ಒತ್ತದೆ ಬಿಡುವುದಿಲ್ಲ.

ಪಾರ್ಕಿನಲ್ಲಿ ಸುದ್ದಿ ಹಬ್ಬಿತು. ಯಾರ ಯಾರ ಟ್ರಂಕಿನಲ್ಲೋ ಮಲಗಿದ್ದ ದೊಡ್ಡಬೈರಪ್ಪಂದಿರು ಎದ್ದು ಬಂದರು. ಕಲ್ಲುಬೆಂಚಿನ ಮೇಲೆ ವಾದಿರಾಜರು ಭೂತಗನ್ನಡಿ, ಸ್ಟಾಂಪ್ ಪ್ಯಾಡು ಹರಡಿಕೊಂಡು ಕೂತರು. ಮೊದಲ ನಾಲ್ಕು ಫೋಟೋಗಳಲ್ಲೂ ಅದೇ ಗಂಟು, ಅದೇ ಒದೆತ. ಹಿಂಬದಿಗೆ ಠಪ್, ಠಪ್ ಎಂದು ‘ಅಸಲಿ’ ಬಿತ್ತು. ಐದನೆಯದನ್ನು ತಂದವನು ಶ್ರೀಹರಿ.

ಶ್ರೀಹರಿ ಹನುಮಂತನಗರದ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಮೂವತ್ತು ವರ್ಷದಿಂದ ವಾದಿರಾಜರ ಜೊತೆ ಪ್ರತಿ ಬೆಳಿಗ್ಗೆ ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಾಕಿಸಿ ಕುಡಿದವನು. ಅವನ ಅಪ್ಪ ದೊಡ್ಡಬೈರಪ್ಪನ ಮನೆ ಮುಂದೆ ಅರ್ಧ ದಿನ ನಿಂತು, ಆತನೇ ಕೈಯಾರೆ ಸಹಿ ಹಾಕುವುದನ್ನು ಕಣ್ಣಾರೆ ಕಂಡು ತಂದ ಫೋಟೋ ಅದು. ಅಪ್ಪ ಹೋದ ಮೇಲೆ ಶ್ರೀಹರಿ ತನ್ನ ಪಾಲಿಗೆ ಕೇಳಿ ಪಡೆದದ್ದು ಅದೊಂದನ್ನೇ.

ವಾದಿರಾಜರು ಭೂತಗನ್ನಡಿ ಹಿಡಿದರು. ಅಕ್ಷರಗಳು ಸಂತೆಯಲ್ಲಿ ತಪ್ಪಿಸಿಕೊಂಡ ಮಕ್ಕಳಂತೆ ಒಂದೊಂದು ಒಂದೊಂದು ಕಡೆ ನೋಡುತ್ತಿದ್ದವು. ಗಂಟೂ ಇಲ್ಲ, ಒದೆತವೂ ಇಲ್ಲ. ಗೆಳೆತನ ಒಂದು ಕಡೆ, ಕರ್ತವ್ಯ ಇನ್ನೊಂದು ಕಡೆ. ವಾದಿರಾಜರು ಅರ್ಧ ಕ್ಷಣ ಯೋಚಿಸಿದ್ದರೆ ಸಾಕಿತ್ತು. ಆದರೆ ಮೂವತ್ತಾರು ವರ್ಷದ ಅಭ್ಯಾಸದ ಕೈ ಕೇಳಬೇಕಲ್ಲ? ಠಪ್! ‘ನಕಲಿ’.

ನೇರಳೆ ಬಣ್ಣದ ಅಕ್ಷರ ಒಣಗುವವರೆಗೂ ಶ್ರೀಹರಿ ಅದನ್ನೇ ನೋಡುತ್ತ ನಿಂತ.

“ನಮ್ಮಪ್ಪ ಸುಳ್ಳು ಹೇಳಿದ್ರು ಅಂತೀಯೇನೋ?”

“ನಿಮ್ಮಪ್ಪನ ಬಗ್ಗೆ ನಾನೇನೂ ಹೇಳಿಲ್ಲಪ್ಪ. ಸಹಿ ಹೇಳ್ತಿದೆ. ಇದು ಕೈಯಲ್ಲಲ್ಲ, ಕಾಲಲ್ಲಿ ಹಾಕಿದ ಸಹಿ.”

ಸುತ್ತ ನಿಂತವರು ನಕ್ಕರು. ಶ್ರೀಹರಿ ನಗಲಿಲ್ಲ. ಫೋಟೋವನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋದವನು ಮರುದಿನದಿಂದ ಮಾತು ಬಿಟ್ಟ. ವಾದಿರಾಜರ ಮುಖ ನೋಡಬಾರದೆಂದು ಪಾರ್ಕನ್ನು ಉಲ್ಟಾ ಸುತ್ತತೊಡಗಿದ. ಅದರಿಂದ ಆದದ್ದೇನೆಂದರೆ, ಮೊದಲು ಅಕ್ಕಪಕ್ಕ ನಡೆಯುತ್ತಿದ್ದವರು ಈಗ ಪ್ರತಿ ಸುತ್ತಿಗೂ ಎರಡು ಸಲ ಎದುರುಬದುರಾಗಿ, ಎರಡು ಸಲವೂ ಮರದ ಮೇಲಿನ ಕಾಗೆ ನೋಡಿಕೊಂಡು ದಾಟಬೇಕಾಯಿತು. ಕಾಫಿಯನ್ನು ವಾದಿರಾಜರು ಒಂದು ಪೂರ್ತಿ ತೆಗೆದುಕೊಂಡರು. ಅರ್ಧ ಲೋಟ ಉಳಿಯಿತು. ದಿನಾ ಉಳಿಯಿತು.

ಮನೆಯಲ್ಲಿ ಅಂಬುಜಮ್ಮ ಎಲ್ಲ ಕೇಳಿ ಹಣೆ ಚಚ್ಚಿಕೊಂಡರು. ಶ್ರೀಹರಿಯ ಅಪ್ಪ ಅಂಥವರಲ್ಲವೆಂದೂ, ಬೈರಣ್ಣನ ಕೈಗೆ ಆಗ ಪೆಟ್ಟಾಗಿತ್ತೆಂದೂ, ತಮ್ಮ ವಠಾರದಲ್ಲಿ ಎಲ್ಲರಿಗೂ ಗೊತ್ತಿತ್ತೆಂದೂ ಹೇಳಲು ಹೊರಟರು. ಆದರೆ ಮಾತು ಶುರುವಾದದ್ದೇ ‘ವಠಾರ’ದಿಂದ. ಆ ಪದ ಕಿವಿಗೆ ಬಿದ್ದದ್ದೇ ತಡ, ವಾದಿರಾಜರ ಕೈ ತಾನಾಗಿ ಪೇಪರಿನ ಕಡೆ ಹೋಯಿತು. “ಆಯ್ತು ಬಿಡಿ,” ಎಂದರು ಅಂಬುಜಮ್ಮ. “ಹೇಳೋರೇ ಬಂದು ಹೇಳ್ಲಿ.”

ಹಾಗೆಂದವರು ಶ್ರೀಹರಿಗೆ ಫೋನ್ ಮಾಡಿ, ದೊಡ್ಡಬೈರಪ್ಪ ಇನ್ನೂ ಚಾಮರಾಜಪೇಟೆಯಲ್ಲೇ ಇದ್ದಾರೆಂದೂ, ಅದು ಯಾವ ಅಡ್ಡರಸ್ತೆಯೆಂದೂ ಹೇಳಿದ್ದು ವಾದಿರಾಜರಿಗೆ ಗೊತ್ತಾಗಲಿಲ್ಲ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮನೆ ಮುಂದೆ ಆಟೋ ನಿಂತಿತು. ಮೊದಲು ಒಂದು ಊರುಗೋಲು ಇಳಿಯಿತು. ಆಮೇಲೆ ಆರಡಿಯ ಮುದುಕರೊಬ್ಬರು ಇಳಿದರು. ಅವರ ತೋಳು ಹಿಡಿದುಕೊಂಡಿದ್ದವನು ಶ್ರೀಹರಿ. ಬಿರುಗಾಳಿ ಬೈರ ತಮ್ಮ ಹೊಸ್ತಿಲ ಮೇಲೆ! ವಾದಿರಾಜರಿಗೆ ಉಟ್ಟ ಪಂಚೆಯ ಮೇಲೆ ನಿಗಾ ಇರಲಿಲ್ಲ. ಒಳಗೆ ಕರೆದು, ಕುರ್ಚಿ ಹಾಕಿ, ಫ್ಯಾನು ತಿರುಗಿಸಿ, ಶ್ರೀಹರಿಯ ಕಡೆ ‘ಈಗ ನೋಡು’ ಎಂಬಂತೆ ನೋಡಿ, ಎರಡೂ ಫೋಟೋಗಳನ್ನು ಟೀಪಾಯಿಯ ಮೇಲೆ ಅಕ್ಕಪಕ್ಕ ಇಟ್ಟರು. ಒಂದು ಫೋಟೋದ ಮೇಲೆ ತಮ್ಮ ಮೂವತ್ತಾರು ವರ್ಷ, ಇನ್ನೊಂದರ ಮೇಲೆ ಶ್ರೀಹರಿಯ ಅಪ್ಪನ ಮಾತು ಪಣಕ್ಕಿದ್ದವು.

ದೊಡ್ಡಬೈರಪ್ಪ ಶ್ರೀಹರಿಯ ಫೋಟೋವನ್ನು ಕೈಗೆತ್ತಿಕೊಂಡರು. ಹೆಬ್ಬೆರಳಿನಿಂದ ಸಹಿಯನ್ನು ಸವರಿದರು.

“ಇದು ನಂದೇ ಕಣಪ್ಪ. ಎಡಗೈಲಿ ಹಾಕಿದ್ದು.”

ಆ ಗೋಲು ಹೊಡೆದು ಕೆಳಗೆ ಬಿದ್ದಾಗ ಬಲಗೈ ಮಣಿಕಟ್ಟು ಮುರಿದಿತ್ತಂತೆ. ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬರುವಷ್ಟರಲ್ಲಿ ಸ್ಟುಡಿಯೋದವನು ಇನ್ನೂರು ಫೋಟೋ ತೊಳೆದು ತಂದಿದ್ದ, ಬಾಗಿಲಲ್ಲಿ ಜನ ಜಮಾಯಿಸಿದ್ದರು. ಎಡಗೈಯಲ್ಲಿ ಏಳು ಸಹಿ ಹಾಕುವಷ್ಟರಲ್ಲಿ ಬೆವರು ಇಳಿಯಿತು. ಎಂಟನೆಯದಕ್ಕೆ ನಿಬ್ಬು ಫೋಟೋವನ್ನೇ ಹರಿಯಿತು. ಅಲ್ಲಿಗೆ ಕೈಬಿಟ್ಟರು.

“ನಿಮ್ಮಪ್ಪ ಮೊದಲನೇ ಸಾಲಲ್ಲಿ ನಿಂತಿದ್ರೇನೋ. ಪುಣ್ಯವಂತರು,” ಎಂದರು ಶ್ರೀಹರಿಗೆ.

ಶ್ರೀಹರಿ ಕಿಟಕಿಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡ. ವಾದಿರಾಜರು ತಮ್ಮ ಫೋಟೋವನ್ನು ಮೆಲ್ಲಗೆ ಮುಂದಕ್ಕೆ ತಳ್ಳಿದರು.

“ಮತ್ತೆ ಇದು, ಸಾರ್?”

“ಇದು ನಂದಲ್ಲ. ನಮ್ಮ ವಠಾರದಲ್ಲಿ ಏಳನೇ ಕ್ಲಾಸಿನ ಹುಡುಗಿ ಒಬ್ಬಳಿದ್ದಳು, ಮುತ್ತಿನಂಥ ಅಕ್ಷರ. ಮಿಕ್ಕಿದ್ದೆಲ್ಲ ಅವಳ ಕೈಲೇ ಹಾಕಿಸ್ದೆ. ಇಪ್ಪತ್ತೈದು ಸಹಿಗೆ ಒಂದು ಕೊಬ್ಬರಿ ಮಿಠಾಯಿ.”

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ವಾದಿರಾಜರು ತಮ್ಮ ಕೊನೆಯ ಕಡ್ಡಿ ಹಿಡಿದರು. ಬ್ಯಾಂಕಿನ ಮಾದರಿ ಸಹಿಯನ್ನು ತಾವು ಇಪ್ಪತ್ತು ವರ್ಷ ನೋಡಿದ್ದಾಗಿಯೂ, ಅದು ಈ ಸಹಿಗೆ ಕೂದಲೆಳೆ ವ್ಯತ್ಯಾಸವಿಲ್ಲದೆ ಹೊಂದುತ್ತಿತ್ತೆಂದೂ ಹೇಳಿದರು. ದೊಡ್ಡಬೈರಪ್ಪ ಮನೆಯೆಲ್ಲ ತುಂಬುವಂತೆ ನಕ್ಕರು.

“ಹೊಂದದೇ ಏನು ಮಾಡುತ್ತೆ ಸ್ವಾಮಿ? ಪ್ಲಾಸ್ಟರ್ ಬಿಚ್ಚಿದ ಮೇಲೆ ನಾನು ನನ್ನ ಸಹಿ ಹಾಕಿಕೊಟ್ರೆ ಜನ ಒಪ್ಪಲಿಲ್ಲ. ಇದು ನಕಲಿ ಅಂದ್ರು. ಆ ಮಗು ಮುಂದೆ ಕೂತು ಒಂದು ವಾರ ಅವಳ ಸಹಿಯನ್ನೇ ತಿದ್ದಿ ತಿದ್ದಿ ಕಲಿತೆ. ಬ್ಯಾಂಕಲ್ಲಿ ಹಾಕಿದ್ದೂ ಅದನ್ನೇ. ಅಂಬು ಅಂತ ಅವಳ ಹೆಸರು. ಈಗ ಎಲ್ಲಿದಾಳೋ.”

“ಇಲ್ಲೇ ಇದೀನಿ ಬೈರಣ್ಣ,” ಎಂದರು ಅಂಬುಜಮ್ಮ, ಕಾಫಿ ತಟ್ಟೆ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತು. “ಕೊಬ್ಬರಿ ಮಿಠಾಯಿ ತಂದಿದೀರಾ?”

ಮುದುಕರು ಊರುಗೋಲು ಮರೆತು ಎದ್ದು ನಿಂತರು. ಆ ಇಬ್ಬರೂ ಮಾತಾಡುತ್ತಿದ್ದಾಗ ವಾದಿರಾಜರು ಯಾರಿಗೂ ಕಾಣದಂತೆ ಜೇಬಿಗೆ ಕೈ ಹಾಕಿ ಅಂದಿನ ತರಕಾರಿ ಪಟ್ಟಿ ತೆಗೆದರು. ನಾಲ್ಕನೆಯ ಸಾಲಿನಲ್ಲಿ ‘ದೊಡ್ಡಪತ್ರೆ, ಒಂದು ಕಟ್ಟು’ ಎಂದಿತ್ತು. ಭೂತಗನ್ನಡಿ ಹಿಡಿದರು. ‘ಡ್ಡ’ದ ಬಾಲ ಹಿಂದಕ್ಕೆ ಸುತ್ತಿ ಗಂಟು ಹಾಕಿಕೊಂಡಿತ್ತು. ನಲವತ್ತು ವರ್ಷ ದಿನಾ ಜೇಬಿನಲ್ಲಿಟ್ಟುಕೊಂಡು ಗಾಂಧಿಬಜಾರು ಸುತ್ತಿದ ಗಂಟು!

“ಅಲ್ವೇ, ನೀನು ಹೇಳಬಾರದಾಗಿತ್ತಾ?” ಎಂದರು ಕ್ಷೀಣವಾಗಿ.

“ಹೇಳೋಕೆ ಬಂದಾಗಲೆಲ್ಲ ನೀವು ಪೇಪರ್ ತಗೊಂಡ್ರಿ. ಹೋಗ್ಲಿ, ಈ ಹುಲಿಯಂಥ ಗಂಡಸು ಮಾಡಿದ ಕಾಫಿಗೆ ಸಕ್ಕರೆ ಸಾಕಾ ನೋಡಿ.”

ಮುದುಕರು ಎದ್ದಾಗ ಅವರ ಕೈಯಿಂದ ಜಾರಿದ ಶ್ರೀಹರಿಯ ಫೋಟೋ ಟೀಪಾಯಿಯ ಮೇಲೆ ಬೋರಲಾಗಿ ಬಿದ್ದಿತ್ತು, ಬೆನ್ನ ಮೇಲೆ ನೇರಳೆ ‘ನಕಲಿ’ ಹೊತ್ತುಕೊಂಡು. ವಾದಿರಾಜರು ಪೆನ್ನು ತೆಗೆದು ಅದರ ಮೇಲೆ ನೇರ ಗೆರೆ ಎಳೆದರು. ಕೆಳಗೆ, ‘ತಪ್ಪು ನನ್ನದು. ನಿಮ್ಮಪ್ಪ ಹೇಳಿದ್ದು ನಿಜ’ ಎಂದು ಬರೆದು ಸ್ನೇಹಿತನ ಮುಂದೆ ಹಿಡಿದರು. ಶ್ರೀಹರಿ ಓದಿದ, ಮುಟ್ಟಲಿಲ್ಲ.

“ತಿದ್ದಿದ ಕಡೆ ಪೂರ್ತಿ ಸಹಿ ಹಾಕ್ಬೇಕು. ನಿಮ್ಮ ಬ್ಯಾಂಕಿಂದೇ ರೂಲ್ಸು.”

ವಾದಿರಾಜರು ಪೂರ್ತಿ ಸಹಿ ಹಾಕಿದರು. ಶ್ರೀಹರಿ ಭೂತಗನ್ನಡಿ ಕಸಿದುಕೊಂಡು ಆ ಸಹಿಯನ್ನು ತುಂಬಾ ಹೊತ್ತು ಪರಿಶೀಲಿಸಿದ.

“ಬಾಲ ನಡುಗಿದೆ ಕಣೋ. ನಿಂಗೆ ಜ್ವರ ಬಂದಿದೆ, ಹೋಗಿ ಮಲ್ಕೋ,” ಎಂದು, ಟೀಪಾಯಿಯ ಮೇಲಿದ್ದ ವಾದಿರಾಜರ ಕಾಫಿಯಲ್ಲಿ ಅರ್ಧವನ್ನು ತನ್ನ ಲೋಟಕ್ಕೆ ಬಗ್ಗಿಸಿಕೊಂಡ.

ಮರುದಿನ ಪಾರ್ಕಿನಲ್ಲಿ ವಾದಿರಾಜರು ತಲೆ ತಗ್ಗಿಸಿ ಬಂದರೆಂದು ನೀವು ತಿಳಿದಿದ್ದರೆ ಅವರನ್ನು ನೀವು ಅರಿತಿಲ್ಲ. ಎದೆ ಮೊದಲಿಗಿಂತ ಎರಡಂಗುಲ ಮುಂದಿತ್ತು. ಪಕ್ಕದಲ್ಲಿ ಶ್ರೀಹರಿ ಇದ್ದ, ಉಲ್ಟಾ ಸುತ್ತು ಬಿಟ್ಟು. ಫುಟ್‌ಬಾಲ್ ಆಟಗಾರರು ಊರಿಗೊಬ್ಬರು ಸಿಗುತ್ತಾರೆ, ಅಂಥ ಆಟಗಾರನಿಗೇ ಸಹಿ ಕಲಿಸಿದ ಹೆಂಡತಿ ಯಾರಿಗಿದ್ದಾಳೆ, ಕೈ ಎತ್ತಿ ಎಂದು ಅವರು ಕೇಳಿದರು. ಯಾರೂ ಎತ್ತಲಿಲ್ಲ. ‘ಅಸಲಿ’ ಮೊಹರು ಬಿದ್ದ ನಾಲ್ಕೂ ಫೋಟೋಗಳನ್ನು ವಾಪಸು ತರಿಸಿ, ‘ಅಸಲಿ’ಯ ಪಕ್ಕದಲ್ಲಿ ತಮ್ಮ ಕೈಯಾರೆ ‘ಅಂಬುಜಮ್ಮ’ ಎಂದು ಸೇರಿಸಿ, ಪೂರ್ತಿ ಸಹಿ ಹಾಕಿದರು. ತಮ್ಮದಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದರು. ನಿಜ ಹೇಳಬೇಕೆಂದರೆ, ಅದನ್ನು ನೋಡಿದಾಗಲೆಲ್ಲ ಅವರಿಗೆ ಗಾಳಿಯಲ್ಲಿ ಹಾರುವ ಬೈರಪ್ಪ ಕಾಣುತ್ತಿರಲಿಲ್ಲ. ವಠಾರದ ಜಗಲಿಯ ಮೇಲೆ ಎರಡು ಜಡೆಯ ಹುಡುಗಿಯೊಬ್ಬಳು ನಾಲಿಗೆ ಕಚ್ಚಿಕೊಂಡು ಒತ್ತು ಹಾಕುವುದು ಕಾಣುತ್ತಿತ್ತು.

ಆ ಸಂಜೆ ಅಂಬುಜಮ್ಮ ದೊಡ್ಡಪತ್ರೆ ತಂಬುಳಿ ಮಾಡಿ, ಊಟ ಮುಗಿಸಿ ಬಂದು ಕೂತಿದ್ದರು. ವಾದಿರಾಜರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, ಗಂಟಲು ಸರಿಮಾಡಿಕೊಂಡು, ಪ್ರೀತಿ ಉಕ್ಕಿ ಶುರುಮಾಡಿದರು.

“ಅಂಬುಜಾ, ನಮ್ಮ ಬ್ಯಾಂಕಲ್ಲಿ ಒಂದ್ಸಲ ಏನಾಯ್ತು ಅಂದ್ರೆ, ಒಬ್ಬ ಮನುಷ್ಯನ ಸಹಿ ನೋಡಿದ ತಕ್ಷಣ ನಾನು...”

ಅಂಬುಜಮ್ಮ ಪೇಪರ್ ಎತ್ತಿಕೊಂಡರು.